ಶರಣಪ್ಪ ಕಾಕಾರ ಪಾದರಸ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಾಲನಿಯ ಶರಣಪ್ಪ ಕಾಕಾ ತಮ್ಮ ಬಿಪಿ ನೋಡುವ ಯಂತ್ರವನ್ನು ಕಸಕ್ಕೆ ಕೊಡುತ್ತೇನೆಂದು ಲೌಡ್‌ಸ್ಪೀಕರಿನಲ್ಲಿ ಸಾರಿದ್ದನ್ನು ಇಡೀ ಕಾಲನಿ ಕೇಳಿದೆ. ಕಾಲನಿ ಕೇಳಿದ್ದು ನಿಜ, ಕಾಕಾ ಹೇಳಿದ್ದು ಸುಳ್ಳು. ಹೇಳಿದವನು ನಾನು. ದನಿ ಮಾತ್ರ ಅವರದು. ಪಕ್ಕದ ಮನೆಯ ಏಣಿಯನ್ನು ತರುವ ಹಾಗೆ ಕೇಳದೆ ತಂದಿದ್ದೆ. ಕೆಲಸ ಮುಗಿದ ಮೇಲೆ ಇದ್ದ ಜಾಗದಲ್ಲಿ ಇಟ್ಟರಾಯಿತು ಎಂದುಕೊಂಡಿದ್ದೆ.

ಬೇರೆಯವರ ಗಂಟಲಿನಲ್ಲಿ ಮಾತಾಡುವ ಚಟ ನನಗೆ ಬುದ್ಧಿ ಬರುವ ಮೊದಲೇ ಬಂತು. ಬುದ್ಧಿ ಬಂದ ಮೇಲೆ ಹೋಗುತ್ತದೆ ಎಂದು ಅಪ್ಪ ಕಾದರು, ಇನ್ನೂ ಕಾಯುತ್ತಿದ್ದಾರೆ. ಅವರು ಕೇಂದ್ರ ಸರಕಾರದ ಕಾರ್ಖಾನೆಯ ನೌಕರರು. ತೆಲುಗು ಸೀಮೆಯ ಈ ದೊಡ್ಡ ಊರಿನಲ್ಲಿ, ಉಪ್ಪಲ್‌ನ ಆಚೆ ಇರುವ ನಮ್ಮ ಕಾಲನಿ ಆ ಕಾರ್ಖಾನೆಯವರೇ ಕೂಡಿ ಕಟ್ಟಿಕೊಂಡದ್ದು. ಬಾಗಲಕೋಟೆಯವರು, ಬೀದರಿನವರು, ಮೈಸೂರಿನವರು, ನಡುನಡುವೆ ತೆಲುಗರು. ನನ್ನಂಥವನಿಗೆ ಬಾಗಿಲು ತೆರೆದರೆ ಸಾಕು, ಕಚ್ಚಾ ಮಾಲು. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಎದ್ದಾಗ ಈ ಚಟಕ್ಕೆ ಸಂಬಳ ಕೊಡುವವರೂ ಸಿಕ್ಕರು. ಕಾಲ್ ಸೆಂಟರಿನಲ್ಲಿ ನನ್ನ ಹೆಸರು ಸ್ಯಾಮ್. ಅಮೆರಿಕದ ಅಜ್ಜಿಯರ ಪ್ರಿಂಟರು ಕೆಟ್ಟರೆ ನಾನು ಅವರದೇ ಓಣಿಯ ಹುಡುಗನ ಹಾಗೆ ಸಮಾಧಾನ ಹೇಳುತ್ತೇನೆ. ಅವರು ನಂಬುತ್ತಾರೋ ಇಲ್ಲವೋ ತಿಳಿಯದು. ಸಂಬಳದ ದಿನ ನಾನಂತೂ ನಂಬುತ್ತೇನೆ. ನಮ್ಮ ಅವ್ವನಿಗೆ ಈ ನೌಕರಿಯ ಬಗ್ಗೆ ಇರುವುದು ಒಂದೇ ತಕರಾರು: "ಸುಳ್ಳು ಹೇಳಾಕ ರಾತ್ರೀನೇ ಹೋಗಬೇಕೇನು? ಹಗಲ ಹೇಳಿದ್ರ ಯಾರು ಬ್ಯಾಡಂತಾರ?"

ಈಗ ಕಸದ ವಿಷಯಕ್ಕೆ ಬರೋಣ. ಹಿಂದಿನ ಓಣಿಯಲ್ಲಿ ಸ್ವಾತಿ ಎಂಬ ಹುಡುಗಿ ಇದ್ದಾಳೆ. ತೆಲುಗಿನವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳು ಕಸದ ಬಗ್ಗೆ ಇರುವಷ್ಟು ಗಂಭೀರವಾಗಿ ಜನ ಮದುವೆ ಮಾತುಕತೆಯಲ್ಲಿ ಕೂಡ ಇರುವುದನ್ನು ನಾನು ನೋಡಿಲ್ಲ. ಒಂದು ಭಾನುವಾರ ಪಾರ್ಕಿನಲ್ಲಿ ಸಂಗ್ರಹದ ದಿನ ಇಟ್ಟುಕೊಳ್ಳೋಣ ಎಂದಳು. ಮುಗಿದ ಬ್ಯಾಟರಿ, ಸುಟ್ಟ ಟ್ಯೂಬ್‌ಲೈಟು, ಸತ್ತ ಮೊಬೈಲು, ಹಳೆ ಕಂಪ್ಯೂಟರು, ತಾರೀಖು ಮುಗಿದ ಔಷಧ, ತಳದಲ್ಲಿ ಉಳಿದ ಬಣ್ಣ, ಪಾದರಸದ ಉಪಕರಣ, ಎಲ್ಲ ತಂದುಕೊಟ್ಟರೆ ಒಂದು ಲಾರಿ ಬಂದು ಒಯ್ದು, ಮಣ್ಣಿಗೂ ನೀರಿಗೂ ಸೇರದಂತೆ ವಿಲೇವಾರಿ ಮಾಡುತ್ತದೆ.

ಯೋಜನೆಯಲ್ಲಿ ತಪ್ಪಿರಲಿಲ್ಲ. ತೊಂದರೆ ಇದ್ದದ್ದು ಒಂದೇ: ನಮ್ಮ ಕಾಲನಿಯಲ್ಲಿ ಕಸವೇ ಇರಲಿಲ್ಲ. ಬೇಕಾದರೆ ನಮ್ಮ ಮನೆಯನ್ನೇ ನೋಡಿ. ಬಾಗಿಲ ಹಿಂದೆ ನಿಂತಿರುವ ಟ್ಯೂಬ್‌ಲೈಟು ಹತ್ತುವುದಿಲ್ಲ, ನಿಜ, ಆದರೆ ಗಾಜು ಗಟ್ಟಿಯಿದೆ. ಡ್ರಾಯರಿನಲ್ಲಿರುವ ಮೊಬೈಲಿಗೆ ಜೀವವಿಲ್ಲ, ಆದರೆ ಅದು ಅಪ್ಪನ ಮೊದಲ ಮೊಬೈಲು. ಗುಳಿಗೆಗಳ ತಾರೀಖು ಮುಗಿದಿದೆ ಎಂದು ತೋರಿಸಿದರೆ ಅವ್ವ, "ಜ್ವರಕ್ಕೇನು ತಾರೀಖು ಓದಾಕ ಬರತೈತಿ?" ಎನ್ನುತ್ತಾಳೆ. ಕಸವೆಂದರೆ ಯಾವಾಗಲೂ ಪಕ್ಕದ ಮನೆಯಲ್ಲಿರುವುದು. ನಮ್ಮ ಮನೆಯಲ್ಲಿರುವುದು ಸಾಮಾನು. ಅದರ ಮೇಲೆ ರದ್ದಿಯವನು ಕಲಿಸಿದ ಅಭ್ಯಾಸ ಬೇರೆ. ಚೌಕಾಶಿಯಿಲ್ಲದೆ ನಮ್ಮಲ್ಲಿ ಹಳೆ ಪೇಪರು ಕೂಡ ಹೊಸ್ತಿಲು ದಾಟಿಲ್ಲ. ಸ್ವಾತಿ ಮನೆಮನೆಗೆ ಹೋದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಬದಲಿಗೆ ಏನು ಕೊಡ್ತೀರಿ?" ಏನೂ ಇಲ್ಲ ಎಂದಳು. ಏನೂ ಕೊಡದೆ ಒಬ್ಬರು ನಮ್ಮ ಸುಟ್ಟ ಟ್ಯೂಬ್‌ಲೈಟು ಕೇಳುತ್ತಿದ್ದಾರೆಂದರೆ ಅದರಲ್ಲಿ ನಮಗೆ ಗೊತ್ತಿಲ್ಲದ ಏನೋ ಇದೆ ಎಂದು ಜನ ಅದನ್ನು ಅಟ್ಟದ ಮೇಲೆ ಇನ್ನಷ್ಟು ಒಳಕ್ಕೆ ತಳ್ಳಿದರು.

ಆಗ ಅವಳು ನನ್ನ ಹತ್ತಿರ ಬಂದಳು. ಆಟೋದಲ್ಲಿ ಸ್ಪೀಕರು ಕಟ್ಟಿ ಪ್ರಚಾರ ಮಾಡಬೇಕು, ನೀನು ಮಾತು ರೆಕಾರ್ಡು ಮಾಡಿಕೊಡು ಎಂದಳು. ಸ್ಯಾಮ್‌ನ ದನಿಯಲ್ಲಿ ಹೇಳಿದರೆ ನಮ್ಮ ಕಾಲನಿ ಬ್ಯಾಟರಿಯಿರಲಿ, ಬಾಯಿ ಕೂಡ ಬಿಡುವುದಿಲ್ಲ. ಜನ ನಂಬುವ ದನಿ ಬೇಕು. ಕಾಲನಿ ಕಾರ್ಯದರ್ಶಿಯ ತೆಲುಗು ಹಾಕಿದೆ, ಪ್ರತಿ ವಾಕ್ಯಕ್ಕೊಮ್ಮೆ ಕೆಮ್ಮು ಸೇರಿಸಿ. ಅವ್ವನದು ಸ್ವಲ್ಪ ಹಾಕಿದೆ. ಕೊನೆಗೆ ಕಾಲನಿಯಲ್ಲೇ ಎಲ್ಲಕ್ಕಿಂತ ನಂಬಿಕೆಯ ದನಿ, ಶರಣಪ್ಪ ಕಾಕಾರದು, ಹೆಸರು ಹೇಳದೆ: "ನನ್ನ ಪಾರಾದ ಬಿಪಿ ಮಷೀನನ್ನ ಐತವಾರ ಕೊಡಾಕತ್ತೀನಿ. ನೀವ್ಯಾಕ್ರಿ ಸುಟ್ಟ ಟ್ಯೂಬ್‌ಲೈಟ್ ಎದಿಗಿ ಅವುಚ್ಕೊಂಡು ಕುಂತೀರಿ?" ಸ್ವಾತಿಗೆ ಕನ್ನಡ ಅಷ್ಟಕ್ಕಷ್ಟೆ. ಸ್ವರ ಕೇಳಿಯೇ ನಕ್ಕಳು. ಹುಡುಗಿ ನಕ್ಕರೆ ಬರೆದದ್ದನ್ನು ತಿದ್ದುವ ವಯಸ್ಸು ನನ್ನದಲ್ಲ.

ಶರಣಪ್ಪ ಕಾಕಾ ಯಾರೆಂದು ಹೇಳಬೇಕು. ಕಾರ್ಖಾನೆಯ ದವಾಖಾನೆಯಲ್ಲಿ ಕಂಪೌಂಡರಾಗಿದ್ದರು. ನಿವೃತ್ತರಾದಾಗ ಅಲ್ಲಿನ ಡಾಕ್ಟರು ತಮ್ಮ ಸ್ವಂತ ಬಿಪಿ ಯಂತ್ರವನ್ನು ಅವರ ಕೈಗಿತ್ತರು. ಡಬ್ಬಿಯ ಮುಚ್ಚಳ ಎತ್ತಿದರೆ ಗಾಜಿನ ಕೊಳವೆಯಲ್ಲಿ ಪಾದರಸ, ನಮ್ಮ ಕಡೆಯವರ ಬಾಯಲ್ಲಿ ಪಾರಾ, ಏರಿಳಿಯುವ ಹಳೆಯ ನಮೂನೆ. ಅಂದಿನಿಂದ ದಿನಾ ಸಂಜೆ ಕಾಕಾ ತಮ್ಮ ಮನೆಯ ಕಟ್ಟೆಯ ಮೇಲೆ ಆ ಡಬ್ಬಿ ಇಟ್ಟುಕೊಂಡು ಕೂರುತ್ತಾರೆ, ಜನ ಒಬ್ಬೊಬ್ಬರಾಗಿ ಬಂದು ತೋಳು ಚಾಚುತ್ತಾರೆ. ದುಡ್ಡಿಲ್ಲ, ಚೀಟಿಯಿಲ್ಲ. ಕಾಲನಿಯಲ್ಲಿ ನಿವೃತ್ತರಾದ ಉಳಿದ ಗಂಡಸರು ಪೇಪರನ್ನು ಕೊನೆಯ ಪುಟದವರೆಗೆ ಓದಿ, ಬೇರೆ ಕೆಲಸವಿಲ್ಲದೆ ಮತ್ತೆ ಮೊದಲ ಪುಟಕ್ಕೆ ಬರುತ್ತಿದ್ದರು. ಕಾಕಾರಿಗೆ ಪೇಪರು ಬಿಚ್ಚುವುದಕ್ಕೆ ಪುರುಸೊತ್ತಿರಲಿಲ್ಲ. ಅವರನ್ನು ನಿವೃತ್ತರೆಂದು ಯಾರೂ ಎಣಿಸಿರಲೇ ಇಲ್ಲ. ಆ ಡಬ್ಬಿ ಹೋದರೆ ಎಣಿಸಿಬಿಡುತ್ತಾರೆ. ಇದು ರೆಕಾರ್ಡು ಮಾಡುವಾಗ ನನಗೆ ಹೊಳೆಯಲಿಲ್ಲ. ದನಿಯನ್ನು ಅಷ್ಟು ಹತ್ತಿರದಿಂದ ಕೇಳಿಸಿಕೊಂಡವನು ಮನುಷ್ಯನನ್ನು ಒಂದಿಷ್ಟು ನೋಡಬಹುದಿತ್ತು.

ಆಟೋ ನಮ್ಮ ಓಣಿಗೆ ಬಂದಾಗ ನಾನು ಕಾಕಾರ ಕಟ್ಟೆಯ ಮೇಲೆಯೇ ಇದ್ದೆ, ಅವರು ನಗುವುದನ್ನು ನೋಡಲೆಂದು. ಕಾಕಾ ತಲೆ ವಾರೆ ಮಾಡಿ ಪೂರ್ತಿ ಕೇಳಿದರು.

"ಯಾವನಲೇ ಇವ? ನಮ್ಮ ಕಡಿಯಾವನ ಇದ್ದಂಗದಾನ, ಇವನ ಹತ್ರಾನೂ ಪಾರಾದ ಮಷೀನ ಐತಂತ. ಮೂಗಿನಾಗ ಮಾತಾಡ್ತಾನ ನೋಡು, ನೆಗಡಿ ಆದ ಎಮ್ಮಿ ಹಂಗ."

ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿದ ಯಾವ ಮನುಷ್ಯನೂ ಅದು ತನ್ನದೆಂದು ಒಪ್ಪಿದ್ದನ್ನು ನಾನು ಕಂಡಿಲ್ಲ. ನನ್ನ ಕಸುಬಿನ ದೊಡ್ಡ ಅನುಕೂಲ ಇದು. ಓಣಿಯವರೆಲ್ಲ ಥಟ್ಟನೆ ಗುರುತಿಸಿ ಬಿದ್ದು ಬಿದ್ದು ನಗುತ್ತಾರೆ, ಒಬ್ಬನೇ ಒಬ್ಬ ಮಾತ್ರ ಇದು ಯಾರಪ್ಪಾ ಎಂದು ಸುತ್ತ ನೋಡುತ್ತಿರುತ್ತಾನೆ. ಆದರೆ ಅವತ್ತು ಯಾರೂ ನಗಲಿಲ್ಲ. ನಂಬಿದರು. ಸ್ವಲ್ಪ ಹೊತ್ತಿಗೆ ಎದುರು ಮನೆಯ ಗೋದಾಬಾಯಿ ಬಂದಳು. ಬೀದರ ಕಡೆಯವಳು, ಕಾಕಾರ ಸಂಜೆಯ ಸರದಿಯಲ್ಲಿ ದಿನವೂ ಮೊದಲಿಗಳು, ಸಾವಿನ ಮನೆಗೆ ಬಂದವಳ ಹಾಗೆ ಸೆರಗು ಹೊದ್ದಿದ್ದಳು.

"ಕೊಡ್ಲಿಕತ್ತೀರಂತಲ್ಲ ಅಣ್ಣಾ, ಮಷೀನಾ?"

"ಯಾರು ಹೇಳಿದ್ರವಾ?"

"ನೀವೇ ಹೇಳೀರಿ."

"ನಾ ಎಲ್ಲಿ ಹೇಳೀನಿ?"

"ಆಟೋದಾಗ. ಕಿವ್ಯಾರೆ ಕೇಳೀನಿ."

ಕಾಕಾ ಹೇಳಿಲ್ಲ ಎಂದಷ್ಟೂ ಗೋದಾಬಾಯಿಯ ಮುಖದಲ್ಲಿ ಕನಿಕರ ಹೆಚ್ಚಾಯಿತು. ವಯಸ್ಸಾಯಿತು, ಆಡಿದ ಮಾತು ನೆನಪಿರುವುದಿಲ್ಲ ಎಂಬಂಥ ಕನಿಕರ. ಹಿಂದೆಯೇ ಇನ್ನೂ ಮೂರ್ನಾಲ್ಕು ಜನ ಬಂದರು. ಮನುಷ್ಯ ಎದುರಿಗೆ ಕೂತು ಇಲ್ಲವೆನ್ನುತ್ತಿದ್ದರೂ ಅವರಿಗೆ ಸ್ಪೀಕರಿನ ಮಾತೇ ಹೆಚ್ಚು ಗಟ್ಟಿ. ಕಡೆಕಡೆಗೆ ಕಾಕಾರೇ ಅನುಮಾನದಿಂದ ನನ್ನ ಕಡೆ ತಿರುಗಿ, "ನಾ ಏನರ ಅಂದೀನೇನೋ?" ಎಂದರು. ಆಗ ಹೇಳಿಬಿಟ್ಟೆ.

ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಗುಳ ನನಗೆ ಹೊಸದಲ್ಲ, ಅದರಲ್ಲೂ ಒಂದೆರಡು ಹೊಸ ಸ್ವರ ಸಿಗುತ್ತವೆ. ಕಾಕಾ ಬೈಯಲಿಲ್ಲ. ಮೊದಲು, "ನನ್ನ ದನಿ ಹಂಗೈತೇನು?" ಎಂದು ಕೇಳಿದರು. ಆಮೇಲೆ ಡಬ್ಬಿಯ ಮೇಲೆ ಕೈಯಿಟ್ಟು, "ಏನ ಆಗಲಿ, ಮಾತು ನನ್ನ ದನ್ಯಾಗ ಹೊಂಟೈತಿ. ಈಗ ಕೊಡಲಿಲ್ಲಂದ್ರ ಶರಣಪ್ಪ ಹೇಳೂದೊಂದು, ಮಾಡೂದೊಂದು ಅಂತಾರ. ಕೊಡತೀನಿ" ಎಂದರು. ಬೇರೆ ಆಟೋ ಕಳಿಸಿ ತಿದ್ದುಪಡಿ ಸಾರೋಣ ಎಂದೆ. "ಯಾರ ದನ್ಯಾಗ?" ಎಂದರು.

ಹಿಂದಿನ ಕಾಲದ ರಸವಾದಿಗಳು ಪಾದರಸವನ್ನು ಕಟ್ಟಿಹಾಕಲು ಬದುಕೆಲ್ಲ ಸವೆಸಿದರಂತೆ. ಅದು ಕಟ್ಟಿದರೆ ತಾಮ್ರ ಚಿನ್ನವಾಗುತ್ತದೆ, ಉಂಡವನಿಗೆ ಸಾವಿಲ್ಲ ಎಂದು ನಂಬಿಕೆ. ಶ್ರೀಶೈಲದ ಕಾಡುಗಳಲ್ಲಿ ಅಂಥ ಸಿದ್ಧರಿದ್ದರು ಎಂಬ ಕತೆ ನಮ್ಮ ಕಡೆ ಈಗಲೂ ಹೇಳುತ್ತಾರೆ. ಯಾರಿಗಾದರೂ ಸಿದ್ಧಿಸಿತೋ ತಿಳಿಯದು. ಸಿದ್ಧಿಸಿದವರು ಇಷ್ಟು ಹೊತ್ತಿಗೆ ಸಿಗಬೇಕಿತ್ತು, ಸಾವಿಲ್ಲವಲ್ಲ. ಕೊನೆಗೆ ಅದನ್ನು ಒಂದು ಗಾಜಿನ ಕೊಳವೆಯೊಳಗೆ ಕೂಡಿಹಾಕಿ ಉಪ್ಪಲ್‌ನಾಚೆಯ ಕಟ್ಟೆಯೊಂದರ ಮೇಲೆ ತಂದು ಕೂರಿಸಿದ್ದು ವೈದ್ಯಶಾಸ್ತ್ರ. ಚಿನ್ನವಾಗಲಿಲ್ಲ, ಸಾವೂ ನಿಲ್ಲಲಿಲ್ಲ. ಆದರೆ ಕಾಲನಿಯ ಎಷ್ಟೋ ಜನ ಬಿಪಿಗೆ ಹೆದರಿ ಬೆಳಿಗ್ಗೆ ಎದ್ದು ವಾಕಿಂಗು ಹೋಗತೊಡಗಿದರು. ಸಿದ್ಧರು ಇಷ್ಟನ್ನೂ ಮಾಡಿಸಿರಲಾರರು. ಹಾಗಂತ ಸ್ವಾತಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೊಳವೆ ಒಡೆದರೆ ಪಾದರಸ ಸಣ್ಣ ಸಣ್ಣ ಗುಂಡಾಗಿ ನೆಲದ ಸಂದಿಗಳಲ್ಲಿ ಸೇರಿ, ಕಣ್ಣಿಗೆ ಕಾಣದ ಆವಿಯಾಗಿ ಉಸಿರಿಗೆ ಹತ್ತುತ್ತದೆ. ಕಾಕಾರ ಡಬ್ಬಿಯ ಗಾಜಿನಲ್ಲಿ ಆಗಲೇ ಒಂದು ಸಣ್ಣ ಬಿರುಕಿತ್ತು. ಕಟ್ಟೆಯ ಮೇಲೆ ಮಕ್ಕಳು ಆಡುತ್ತಿದ್ದರು.

ಭಾನುವಾರ ಪಾರ್ಕಿನಲ್ಲಿ ಡ್ರಮ್ಮುಗಳು ಸಾಲಾಗಿ ನಿಂತವು. ನನ್ನ ಪ್ರಚಾರಕ್ಕೆ ಫಲ ಸಿಕ್ಕಿತ್ತು ಎಂದು ನಾಚಿಕೆಯಿಂದಲೇ ಹೇಳಬೇಕು. ಕಾಕಾರೇ ಕೊಡುತ್ತಾರೆಂದರೆ ನಮ್ಮದೇನು ಎಂದು ಜನ ಅಟ್ಟ ಹತ್ತಿದ್ದರು. ಒಬ್ಬರು ತಂದ ಕಂಪ್ಯೂಟರ್ ಮಾನಿಟರಿನ ಹಣೆಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಕೆಳಗಿಳಿಸುವ ಮುನ್ನ ಅದಕ್ಕೆ ಕೈಮುಗಿದರು. ಆಮೇಲೆ ಏನೋ ನೆನಪಾಗಿ ವಾಪಸು ಬಂದು ವೈರು ಬಿಚ್ಚಿಕೊಂಡು ಹೋದರು. ವೈರು ಸಾಮಾನು. ನಮ್ಮ ಅವ್ವ ಟ್ಯೂಬ್‌ಲೈಟನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಳು. ಗುಳಿಗೆಗಳನ್ನು ಮಾತ್ರ ತರಲಿಲ್ಲ.

ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಸಂಜೆಯ ಸರದಿಯವರೆಲ್ಲ ಹಿಂದೆಯೇ ಇದ್ದರು. ಡಬ್ಬಿಯನ್ನು ಸ್ವಾತಿಯ ಮೇಜಿನ ಮೇಲೆ ಇಟ್ಟರು, ಕೈ ತೆಗೆಯಲಿಲ್ಲ. ನಡೆದದ್ದನ್ನು ನನ್ನಿಂದ ತಿಳಿದಿದ್ದ ಸ್ವಾತಿ ತಾನು ತಂದಿದ್ದ ಹೊಸ ಯಂತ್ರವನ್ನು ಮುಂದಿಟ್ಟಳು, ಗುಂಡಿ ಒತ್ತಿದರೆ ಅಂಕಿ ತೋರಿಸುವಂಥದ್ದು.

"ಅಂಕಲ್, ಇದಿ ಮೀಕೇ ಅಂಡಿ. ನಿಮಗೇ."

"ಮೊದ್ಲು ಎರಡೂ ಕೂಡಿಸಿ ನೋಡೂಣು," ಎಂದರು ಕಾಕಾ. "ಏ ಸ್ಯಾಮಾ, ಬಾ ಇಲ್ಲಿ. ತೋಳು ತಾ. ಮಾತಾಡಬ್ಯಾಡ, ಮಾತಾಡಿದ್ರ ಏರತೈತಿ."

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನಾನು ಬಾಯಿ ಮುಚ್ಚಿ ಕೂತೆ. ಇದನ್ನು ನೋಡಿದ ಅವ್ವ ಆ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. ಕಾಕಾ ತಮ್ಮ ಯಂತ್ರದಲ್ಲಿ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಹೊಸದರಲ್ಲಿ ನೋಡಿದರು. ಹೊಸದು ತಪ್ಪು ಹೇಳಲಿ ಎಂದು ನಾನು ಕೂತಲ್ಲೇ ಬೇಡಿಕೊಂಡೆ. ರಕ್ತ ನನ್ನದೇ ಆದರೂ ನನ್ನ ಮಾತು ಕೇಳಲಿಲ್ಲ. ಎರಡೂ ಹೆಚ್ಚುಕಡಿಮೆ ಒಂದನ್ನೇ ಹೇಳಿದವು. ಕಾಕಾ ಮತ್ತೊಮ್ಮೆ ನೋಡಿದರು. ಮತ್ತೂ ಅದೇ.

"ಭೇಷ್ ಐತಿ," ಎಂದರು. ಪಟ್ಟಿ ಬಿಚ್ಚಿ, ಗಾಳಿ ತೆಗೆದು, ಮಡಿಸಿ, ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ಕೈ ಮಾತ್ರ ಅಲ್ಲೇ ಇತ್ತು. "ಗುಂಡಿ ಒತ್ತಿದ್ರ ಬರತೈತಿ. ಮನ್ಯಾಗ ಯಾರರ ಒತ್ತತಾರ. ಇನ್ನ ನನ್ನ ಕಟ್ಟಿಗಿ ಯಾರು ಬರ್ತಾರ, ಯಾಕ ಬರ್ತಾರ?"

ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿ ಕೇಳಿದ ಪ್ರಶ್ನೆ. ಕಾರ್ಯದರ್ಶಿ ಕೆಮ್ಮಿದರು, ಅದರ ಹಿಂದೆ ವಾಕ್ಯ ಬರಲಿಲ್ಲ. ಸ್ವಾತಿ ತನ್ನ ಡ್ರಮ್ಮುಗಳನ್ನು ನೋಡಿದಳು. ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಗಂಟಲಿನಲ್ಲಿ ಅಷ್ಟೊಂದು ಜನರಿದ್ದರಲ್ಲ, ಆ ಹೊತ್ತಿಗೆ ಒಬ್ಬರೂ ಬರಲಿಲ್ಲ.

ಗೋದಾಬಾಯಿ ಸರದಿಯಿಂದ ಮುಂದೆ ಬಂದಳು. ಕಾಕಾರ ಕೈಯನ್ನು ಡಬ್ಬಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

"ಪಾರಾ ನಾವೆಲ್ಲಿ ನೋಡೀವಿ ಅಣ್ಣಾ? ಅದರ ಮಾರಿ ಯಾವಾಗ್ಲೂ ನಿಮ್ಮ ಕಡೀಗೇ ಇರ್ತಿತ್ತು. ನಾವು ನೋಡ್ತಿದ್ದದ್ದು ನಿಮ್ಮ ಹುಬ್ಬ. ಹುಬ್ಬ ಏರಿದ್ರ ಉಪ್ಪ ಬಿಡ್ತಿದ್ದಿವಿ, ಇಳದ್ರ ಉಪ್ಪಿನಕಾಯಿ ತಿಂತಿದ್ದಿವಿ. ಡಬ್ಬಿ ಆ ಪೋರಿಗಿ ಕೊಡ್ರಿ, ಹುಬ್ಬ ಮನೀಗಿ ತಗೊಂಡು ನಡೀರಿ."