ಟ್ರಂಕಿನೊಳಗಿನ ನೀಲಿಚಿತ್ರಗಳು

ನಾವಿಬ್ಬರೂ ಕೂಡಿಹಾಕಿದ್ದು ನೀಲಿಚಿತ್ರಗಳನ್ನು. ಅದೂ ಗಂಡಸರಿಬ್ಬರು ಕೂಡುವಂಥವು. ಇದನ್ನು ನಯವಾಗಿ ಹೇಳುವ ಮಾತು ನನಗೆ ಸಿಕ್ಕಿಲ್ಲ, ಹುಡುಕುವ ವ್ಯವಧಾನವೂ ಈಗಿಲ್ಲ. ಅವನು ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಕ್ಲಾರ್ಕ್, ನಾನು ಚಿತ್ತಾಪುರದಲ್ಲಿ ಮಾಸ್ತರ. ರೈಲ್ವೆ ಪಾಸಿನ ಮೇಲೆ ಮುಂಬಯಿಗೆ ಹೋಗಿ, ಹಳೇ ಸಾಮಾನಿನ ಬಜಾರಿನಲ್ಲಿ ತಡಕಾಡಿ ಅವನೇ ತರುತ್ತಿದ್ದ. ಪ್ರೊಜೆಕ್ಟರೂ ಅಲ್ಲಿಯದೇ.

ಪರದೇಶದ, ಮಾತಿಲ್ಲದ, ನಮ್ಮ ವಯಸ್ಸಿಗಿಂತ ಹಳೆಯ ರೀಲುಗಳು. ಬೇಸಿಗೆಯ ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವನ ಕ್ವಾರ್ಟರ್ಸಿನ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಧೋತರ ಇಳಿಬಿಟ್ಟು ನೋಡುತ್ತಿದ್ದೆವು. ಸೆಖೆಗೆ ಜೀವ ಹೋಗುತ್ತಿತ್ತು. ಒಂದು ರೀಲಿನಲ್ಲಿ, ಎಲ್ಲ ಮುಗಿದ ಮೇಲೆ, ಒಬ್ಬ ಇನ್ನೊಬ್ಬನ ಅಂಗಿಯ ಗುಂಡಿ ಹಾಕುತ್ತಾನೆ. ನನ್ನ ಪಕ್ಕ ಕೂತವನಿಗೆ ಪ್ರತಿಸಲ ಅದೇ ರೀಲು ಬೇಕು.

“ನೋಡಲೇ, ಎಷ್ಟ್ ಸಾವಕಾಶ ಹಾಕ್ಲಿಕತ್ತಾನ,” ಅನ್ನುತ್ತಿದ್ದ.

ಇಂಥವರು ನಮಗಿಂತ ಮೊದಲೇ ಇದ್ದರು ಅನ್ನುವುದೇ ನಮಗೆ ಭಾಳ ದೊಡ್ಡ ಸಮಾಧಾನವಾಗಿತ್ತು.

ಕಾಮಾಲೆಯಾಗಿ ಗುಲಬರ್ಗದ ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ಸುದ್ದಿ ಕೇಳಿ ನಾನು ಓಡಿದ್ದು ವಾಡಿಗೆ. ಮನೆಯವರ ಕೈಗೆ ರೀಲುಗಳನ್ನಿಟ್ಟ ಟ್ರಂಕು ಸಿಕ್ಕರೆ ಸತ್ತವನ ಮಾನ ಹೋಗುತ್ತದೆಂಬ ದಿಗಿಲು. ಆದರೆ ಸುಲೇಪೇಟದಿಂದ ಅವನ ಅಣ್ಣ ನನಗಿಂತ ಮೊದಲೇ ಬಂದು ಕೀಲಿ ಒಡೆಸಿದ್ದ. ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ರೀಲು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಿದ್ದ. ನೋಡಿಬಿಟ್ಟಿದ್ದ.

“ನೀವು ಅವಗ ಏನಾಗಬೇಕ್ರಿ?”

ಇದಕ್ಕೆ ಹೇಳಲು ಜನರಿಗೆ ಮಾವ, ಕಾಕಾ, ಭಾವ, ಬೀಗ ಅಂತ ಎಷ್ಟೊಂದು ಮಾತುಗಳಿವೆ. ನನಗೊಂದೂ ಒದಗಲಿಲ್ಲ.

“ದೋಸ್ತ್ ರೀ,” ಅಂದೆ.

“ಇವು ಯಾರವು?” ರೀಲನ್ನು ನನ್ನ ಮುಂದೆ ಚಾಚಿದ. “ನಮ್ಮ ತಮ್ಮ ಇಂಥಾವ ಇದ್ದನೇನ್ರಿ?”

“ಎಲ್ಲಾ ನನ್ನವ್ರೀ. ಇಟ್ಕೋ ಅಂತ ಕೊಟ್ಟಿದ್ದೆ. ಒಳಗೇನದ ಅಂತ ಅವಗ ಗೊತ್ತೇ ಇದ್ದಿಲ್ಲ.”

ಅಣ್ಣನ ಮುಖ ತಿಳಿಯಾಯಿತು. ಕಳೆದುಹೋಗಿದ್ದ ತಮ್ಮ ತಿರುಗಿ ಸಿಕ್ಕನೆಂಬಂತೆ ಗೋಳೋ ಎಂದು ಅತ್ತ. ನನಗೆ ಅವನ ಮೇಲೆ ಸಿಟ್ಟು ಬಂತು, ಹೊಟ್ಟೆಕಿಚ್ಚೂ ಆಯಿತು. ಹಾಗೆ ಬಾಯಿಬಿಟ್ಟು ಅಳಲು ನನಗೆ ಯಾವ ಹಕ್ಕೂ ಉಳಿದಿರಲಿಲ್ಲ. ಅವನು ಕಣ್ಣೊರೆಸಿಕೊಂಡು ಟ್ರಂಕನ್ನು ಕಾಲಿನಿಂದ ನನ್ನ ಕಡೆ ನೂಕಿದ.

“ತಗೊಂಡು ನಡೀರಿ. ಮಣ್ಣಿಗೆ ಮಾತ್ರ ಬರಬ್ಯಾಡ್ರಿ.”

ಹೋಗಲಿಲ್ಲ. ಅವನನ್ನು ಎಲ್ಲಿ ಮಣ್ಣು ಮಾಡಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.