ಅಧ್ಯಕ್ಷರ ತಲೆಸುತ್ತಿನ ಲೆಕ್ಕ

೧೯೯೮ರ ಜುಲೈ ೧೪, ಬೆಳಗ್ಗೆ ಹತ್ತೂವರೆ. ಕಟ್ಟಾಯದ ಕಡೆಯ ನಮ್ಮ ಹಾಲಿನ ಸಂಘದ ಅಧ್ಯಕ್ಷೆ ನಂಜಮ್ಮ ಹಾಸನದ ವೈದ್ಯರೊಬ್ಬರ ಮುಂದೆ ತಮ್ಮ ನೋಟ್‌ಬುಕ್ ಬಿಚ್ಚಿಟ್ಟರು. ತಲೆಸುತ್ತಿಗೆ ಹೆದರಿ ಅವರು ಬರೆಸಿದ್ದ ರಾಜೀನಾಮೆ ಪತ್ರ, ಸಂಘದ ಗುಮಾಸ್ತನಾದ ನನ್ನ ಚೀಲದಲ್ಲಿತ್ತು.

ಹಾಲಿನ ಲೆಕ್ಕದ ಹಾಗೆಯೇ ಬೆಳಗ್ಗೆ, ಸಂಜೆ ಎಂದು ಗೆರೆ ಎಳೆದು, ಮೂರು ವಾರ ಮಾತ್ರೆ, ಊಟ, ತಲೆಸುತ್ತು ಬರೆದಿದ್ದರು. ಐದು ಸಲ ತಲೆ ಸುತ್ತಿತ್ತು. ಐದೂ ಮೀಟಿಂಗಿನ ದಿನ. ಆ ದಿನಗಳ ಬೆಳಗಿನ ತಿಂಡಿಯ ಜಾಗ ಖಾಲಿ ಇದ್ದುದನ್ನು ವೈದ್ಯರು ಬೆರಳಿಟ್ಟು ತೋರಿಸಿದರು.

"ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ತಿಂಡಿ ಯಾಕಮ್ಮ ಬಿಟ್ರಿ?"

"ಮೀಟಿಂಗ್ ಮುಗುದ್ಮೇಲೆ ಬೋಂಡ ಕೊಡ್ತಾರೆ ಸಾ. ಅದುಕ್ಕೇ ಒಟ್ಟೆ ಖಾಲಿ ಇಟ್ಕೊಂಡೋಯ್ತೀನಿ."

ವೈದ್ಯರು ನಕ್ಕು, ತಿಂಡಿ ತಿಂದು ಹೋದರೆ ಅಧ್ಯಕ್ಷಗಿರಿ ಬಿಡಬೇಕಿಲ್ಲ ಎಂದರು. ಪತ್ರವನ್ನು ಅಲ್ಲೇ ಹರಿದೆ.

ಎರಡು ತಿಂಗಳಾಯಿತು, ಮತ್ತೆ ತಲೆ ಸುತ್ತಿಲ್ಲ. ಈಗ ಹನ್ನೊಂದು ಮಂದಿ ಸದಸ್ಯೆಯರು ಇಂಥದೇ ಪುಸ್ತಕ ಕೇಳುತ್ತಿದ್ದಾರೆ, ಅವರಲ್ಲಿ ನಾಲ್ವರಿಗೆ ಓದಲು ಬಾರದು. ಅಕ್ಷರವಿಲ್ಲದೆ ಗುರುತು ಹಾಕುವ ಕ್ರಮ ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ.