ಬೆಕ್ಕಿನ ಲೆಕ್ಕದ ನಾಯಿ

ಈಶ್ವರಿ ಅತ್ತಿಗೆ ‘ನನಗೆ ಬೇಕು’ ಎಂದದ್ದನ್ನು ನಾನು ಕೇಳಿದ್ದು ಒಂದೇ ಸಲ. ಅದೂ ಒಂದು ನಾಯಿಮರಿಗಾಗಿ. ಬೇರೆ ಯಾರಾದರೂ ಕೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಡಿಯುಟ್ಟು ಮನೆಯ ಅಡುಗೆ ಮಾಡುವ ವಿಧವೆ ನಾಯಿ ಬೇಕು ಎಂದರೆ ನಗಲೂ ಬಾರದು, ಬೈಯಲೂ ಬಾರದು.

ಅತ್ತಿಗೆ ನನ್ನ ಗಂಡನ ಅಕ್ಕ. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಇಚಿಲಂಪಾಡಿಯ ತವರಿಗೆ ತಂದುಬಿಟ್ಟರು. ಬಂದ ವರ್ಷವೇ ತಾಯಿ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕುವ ಕೆಲಸ ಅವರ ಪಾಲಿಗೆ ಬಂತು. ಆ ತಮ್ಮನೇ ನನ್ನ ಯಜಮಾನರು, ಮಹಾಗಣಪತಿ ಭಟ್ಟರು. ನಾನು ಸೊಸೆಯಾಗಿ ಬಂದಾಗ ಅತ್ತಿಗೆ ಒಂದು ಹೊತ್ತು ಉಂಡು, ಎರಡು ಹೊತ್ತು ಎಲ್ಲರಿಗೂ ಬಡಿಸುತ್ತಿದ್ದರು. ಏಕಾದಶಿಗೆ ಆ ಒಂದು ಹೊತ್ತೂ ಇಲ್ಲ. ಆಳು ನೋಡಿದರೆ ಹದಿಮೂರರ ಹುಡುಗಿಯಷ್ಟು. ಹಿಂದಿನಿಂದ ನೋಡಿ ಮಗು ಎಂದು ಕರೆದವರೂ ಉಂಟು.

ನಾಡು ಒಂದಾಗಿ ಕನ್ನಡದ ರಾಜ್ಯವಾದ ಮರುವರ್ಷದ ನಾಗರಪಂಚಮಿ ಕಳೆದ ಮೇಲೆ ದೇರಣ್ಣ ಗೌಡರು ನಮ್ಮ ಅಂಗಳಕ್ಕೆ ಬಂದರು. ಆಲೆಟ್ಟಿಯ ದೊಡ್ಡ ಕೃಷಿಕರು, ತಂಗಿಯನ್ನು ನಮ್ಮೂರಿಗೆ ಕೊಟ್ಟವರು. ಕರು ನೋಡಿ ಎತ್ತು ಎಷ್ಟಾಗುತ್ತದೆ ಎಂದು ಹೇಳುವುದರಲ್ಲಿ ಅವರದು ದೊಡ್ಡ ಹೆಸರು. ಆ ಹೆಸರನ್ನು ಅವರೇ ಹೆಚ್ಚು ಹೇಳಿಕೊಳ್ಳುತ್ತಿದ್ದರು ಎನ್ನುವುದು ಬೇರೆ ಮಾತು. ಆ ದಿನ ಕೈಯಲ್ಲಿ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಬಿಳಿ ಹತ್ತಿಯ ಉಂಡೆಯಂತಹ ಮರಿ.

“ಸಂಪಾಜೆಯ ರಬ್ಬರ್ ತೋಟದ ದೊರೆ ಊರು ಬಿಟ್ಟು ಹೋಗ್ತಾ ಇದ್ದಾರೆ ಭಟ್ರೆ. ದೊರೆಸಾನಿ ಇದನ್ನು ಕೊಟ್ರು. ಪುತ್ತೂರಿನ ಡಾಕ್ಟ್ರು ಕೇಳಿದ್ರು, ಅವರಿಗೆ ಕೊಂಡು ಹೋಗುದು” ಎಂದರು.

ಅತ್ತಿಗೆ ಜಗಲಿಯಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಮರಿ ಬುಟ್ಟಿಯಿಂದ ಉರುಳಿ, ಓಡಿ ಹೋಗಿ ಅವರ ಸೆರಗಿನ ತುದಿಯ ಮೇಲೆ ಮಲಗಿ ನಿದ್ದೆ ಮಾಡಿತು. ಸೆರಗು ಎಳೆದುಕೊಂಡು ಸ್ನಾನಕ್ಕೆ ಓಡುತ್ತಾರೆ ಎಂದುಕೊಂಡೆ. ಅವರು ಅಲುಗಾಡಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿ, “ಗಣಪತಿ, ಇದು ನನಗೆ ಬೇಕು” ಎಂದರು.

ಯಜಮಾನರ ಮುಖ ನೋಡಬೇಕಿತ್ತು. ಸಾಕಿದ ಅಕ್ಕ, ಹುಟ್ಟಿದಾರಭ್ಯ ಏನೂ ಕೇಳದ ಅಕ್ಕ. ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಹೂಂ ಎಂದರೆ ಮಡಿ ಹೋಯಿತು. ನಾಯಿ ಮುಟ್ಟಿದರೆ ಸ್ನಾನ. ನಾಯಿ ಒಳಗೆ ಬಂದರೆ ಪುಣ್ಯಾಹ. ಅಂಗಳದಲ್ಲಿ ಕಟ್ಟೋಣವೆಂದರೆ, ಹಿಂದಿನ ಮಳೆಗಾಲದಲ್ಲಿ ಅಂಗಳದ ಎರಡು ನಾಯಿಗಳನ್ನೂ ಚಿರತೆ ಒಯ್ದಿತ್ತು. ಇಷ್ಟು ಚಿಕ್ಕದು ಒಂದು ರಾತ್ರಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಕಡೆಗೆ ಕೇಳಿದರು, “ಇದು ಎಷ್ಟು ದೊಡ್ಡ ಆಗ್ತದೆ, ಗೌಡ್ರೆ?”

ದೇರಣ್ಣ ಗೌಡರು ಗಂಟಲು ಸರಿಮಾಡಿಕೊಂಡರು. “ಆಗುದೇ ಇಲ್ಲ. ನಾನು ತಾಯಿಯನ್ನು ನೋಡಿದ್ದೇನೆ. ದೊರೆಸಾನಿಯ ಮಡಿಲಲ್ಲಿ ಕೂತ್ಕೊಳ್ಳುದು, ಬೆಕ್ಕಿನಷ್ಟು ಉಂಟು. ದೊರೆಸಾನಿಯೇ ಇದರ ತಲೆ ಸವರಿ ‘ತಾಯ್, ತಾಯ್’ ಅಂತ ಎರಡೆರಡು ಸಲ ಹೇಳಿದ್ರು. ಇದು ತಾಯಿ ಜಾತಿ ಮಾರಾಯ್ರೆ. ತಾಯಿ ಎಷ್ಟೋ ಮರಿ ಅಷ್ಟೇ.”

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ಯಜಮಾನರೂ ತಲೆಯಾಡಿಸಿದರು. ಗಾದೆ ಸಿಕ್ಕಿದರೆ ಅವರಿಗೆ ಅರ್ಧ ತೀರ್ಮಾನ ಸಿಕ್ಕಿದ ಹಾಗೆ. ಉಳಿದರ್ಧಕ್ಕೆ ಶಾಸ್ತ್ರದ ಕಿಂಡಿ ಹುಡುಕಿದರು. ಬೆಕ್ಕು ಮುಟ್ಟಿದರೆ ಮೈಲಿಗೆ ಇಲ್ಲ. ಬೆಕ್ಕು ದೇವರ ಕೋಣೆಯ ಬಾಗಿಲಲ್ಲೂ ಮಲಗುತ್ತದೆ. “ಬೆಕ್ಕಿನಷ್ಟೇ ಇರುದಾದರೆ ಬೆಕ್ಕು ಅಂತಲೇ ಲೆಕ್ಕ. ಅದಕ್ಕಿಂತ ಮೇಲೆ ಹೋದ ದಿನ ಅಂಗಳಕ್ಕೆ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರ ಬುದ್ಧಿ ಇದ್ದದ್ದೇ ಹಾಗೆ.

ಡಾಕ್ಟರಿಗೆ ಮರಿ ಸಿಗಲಿಲ್ಲ. ಅತ್ತಿಗೆ ಅದಕ್ಕೆ ಕಿನ್ನಿ ಎಂದು ಹೆಸರಿಟ್ಟರು. ತುಳುವಿನಲ್ಲಿ ಕಿನ್ನಿ ಎಂದರೆ ಸಣ್ಣದು. ಹೆಸರಾದರೂ ಅದನ್ನು ಸಣ್ಣದಾಗಿಯೇ ಇಡಲಿ ಎಂಬ ಆಸೆ ಇರಬೇಕು.

ಲೆಕ್ಕ ಎಂದ ಮೇಲೆ ತೂಕ ಬೇಕಲ್ಲ. ಅಡಿಕೆ ತೂಗುವ ತಕ್ಕಡಿ ಜಗಲಿಯ ತೊಲೆಗೆ ನೇತಾಡುತ್ತಿತ್ತು. ಏಕಾದಶಿಯಂದು ಅಡುಗೆಯ ಗಡಿಬಿಡಿ ಕಡಿಮೆ ಎಂದು ಯಜಮಾನರು ಆ ದಿನವನ್ನೇ ಹಿಡಿದರು. ಒಂದು ತಟ್ಟೆಯಲ್ಲಿ ಮುಚ್ಚಿದ ಬುಟ್ಟಿಯೊಳಗೆ ನಮ್ಮ ಗಂಡು ಬೆಕ್ಕು, ಇನ್ನೊಂದರಲ್ಲಿ ಅಂಥದೇ ಬುಟ್ಟಿಯೊಳಗೆ ಕಿನ್ನಿ. ಮೊದಲ ಸಲ ಬೆಕ್ಕಿನ ತಟ್ಟೆ ದಡ್ಡೆಂದು ನೆಲಕ್ಕೆ ಬಿತ್ತು. ಎಲ್ಲರೂ ನಕ್ಕೆವು. ಅತ್ತಿಗೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರ ನಗುವಿಗೆ ಸದ್ದು ಇದೆ ಎಂದು ನನಗೆ ಅಂದೇ ತಿಳಿದದ್ದು.

ಆಮೇಲಿನ ಏಕಾದಶಿಗಳಲ್ಲಿ ಯಾರೂ ನಗಲಿಲ್ಲ. ಕಿನ್ನಿಯ ತಟ್ಟೆ ಒಂದೊಂದು ಸಲಕ್ಕೂ ಸ್ವಲ್ಪ ಕೆಳಗೆ ಬರುತ್ತಿತ್ತು. ಅತ್ತಿಗೆ ಕಂಬ ಹಿಡಿದು ನಿಲ್ಲುತ್ತಿದ್ದರು. ಬೆಕ್ಕಿನ ತಟ್ಟೆ ಇನ್ನೂ ಭಾರ ಎಂದು ಕಂಡಮೇಲೆ ಅವರ ಉಸಿರು ಹೊರಗೆ ಬರುತ್ತಿತ್ತು. ಯಜಮಾನರು ಮುಖ ಬಿಗಿದುಕೊಂಡು ಮುಳ್ಳನ್ನು ನೋಡುವ ರೀತಿಗೆ ನನ್ನ ಮೈ ಉರಿಯುತ್ತಿತ್ತು. ನ್ಯಾಯಾಧೀಶರು ಪಾಪ, ಬೆಕ್ಕಿನ ಕೋರ್ಟಿಗೆ!

ನವರಾತ್ರಿಯ ಹೊತ್ತಿಗೆ ತಟ್ಟೆಗಳು ಹೆಚ್ಚುಕಡಿಮೆ ಸಮ ಬಂದವು. ಅದರ ಮುಂದಿನ ಏಕಾದಶಿಗೆ ನೋಡಿದರೆ ಕಿನ್ನಿಯ ತಟ್ಟೆ ಮತ್ತೆ ಮೇಲೆ. “ನೋಡಿದ್ಯಾ, ಗೌಡ್ರು ಹೇಳಿದ್ದು ಸುಳ್ಳಾಗುದಿಲ್ಲ” ಎಂದರು ಯಜಮಾನರು. ನನಗೆ ನಂಬಿಕೆ ಬರಲಿಲ್ಲ. ಮರಿಯ ಕಾಲು ಉದ್ದವಾಗಿತ್ತು. ಮೇಲೆ ರೋಮದ ರಾಶಿ ಇದ್ದದ್ದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಯಾಡಿಸಿದರೆ ಪಕ್ಕೆಲುಬು ಸಿಗುತ್ತಿತ್ತು.

ಅತ್ತಿಗೆ ದಶಮಿಯಿಂದಲೇ ಅದಕ್ಕೆ ಅನ್ನ ನಿಲ್ಲಿಸಿದ್ದರು. ಮೊದಲು ತೂಕದ ಹಿಂದಿನ ದಿನ ಮಾತ್ರ. ಆಮೇಲೆ ಅಷ್ಟಮಿ, ನವಮಿ. ಆಮೇಲೆ ಪ್ರತಿ ದಿನವೂ ಒಂದೇ ಹೊತ್ತು, ಒಂದೇ ಹಿಡಿ. ಅದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಕೂಗುತ್ತಿತ್ತು, ಅವರು ಬೆನ್ನು ತಿರುಗಿಸಿ ಕಾಯಿ ತುರಿಯುತ್ತಿದ್ದರು. ನಾನು ಕದ್ದು ಒಂದು ತುತ್ತು ಹಾಕಲು ಹೋದಾಗ ಬಂದು ಕೈ ಹಿಡಿದರು.

“ಹಾಕಬೇಡ ಶಂಕರಿ. ನೀನು ಹಾಕುವ ಅನ್ನವೇ ಅದನ್ನು ಕೊಲ್ತದೆ.”

ನನ್ನ ಕೈಯ ತುತ್ತು ನೆಲಕ್ಕೆ ಬಿತ್ತು, ಕಿನ್ನಿ ಅದನ್ನು ನೆಕ್ಕಿಕೊಂಡಿತು. ಅತ್ತಿಗೆ ತಡೆಯಲಿಲ್ಲ, ಕಣ್ಣು ಮುಚ್ಚಿಕೊಂಡರು.

ದೀಪಾವಳಿಗೆ ನಮ್ಮ ಮಗ ಕೃಷ್ಣಮೋಹನ ಮಂಗಳೂರಿನ ಕಾಲೇಜಿನಿಂದ ಮನೆಗೆ ಬಂದ. ಊಟಕ್ಕೆ ಕುಳಿತಾಗ ಯಜಮಾನರು ತಾಯಿ ಜಾತಿಯ ಕಥೆ ಹೇಳಿದರು. ನಗು ಬಂದು ಮಗನಿಗೆ ಅನ್ನ ನೆತ್ತಿಗೆ ಹತ್ತಿತು.

“ತಾಯಿ ಅಲ್ಲ ಅಪ್ಪ! ಟಾಯ್. ಇಂಗ್ಲಿಷಿನಲ್ಲಿ ಟಾಯ್ ಅಂದರೆ ಆಟದ ಸಾಮಾನು. ಬೊಂಬೆಯ ಹಾಗೆ ಮುದ್ದಾಗಿ ಉಂಟು ಅಂತ ಹೇಳಿದ್ದಿರಬೇಕು.”

“ಹಾಗಾದರೆ ತಾಯಿಯ ಹಾಗೆಯೇ ಇರ್ತದೆ ಅಂತ ಅವರು ಹೇಳಲೇ ಇಲ್ವಾ?” ಎಂದರು ಯಜಮಾನರು.

“ತಾಯಿ ಅಪ್ಪ ಎರಡೂ ಸಣ್ಣ ಜಾತಿಯೇ ಆದರೆ ಸಣ್ಣ ಇರ್ತದೆ. ಅಪ್ಪ ಯಾವುದು?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಮೂರು ತಿಂಗಳಿಂದ ಒಬ್ಬರಾದರೂ ಆ ಪ್ರಶ್ನೆ ಕೇಳಿರಲಿಲ್ಲ. ಬಡಿಸುತ್ತಿದ್ದ ಅತ್ತಿಗೆಯ ಸೌಟು ಸಾರಿನ ಪಾತ್ರೆಯೊಳಗೇ ನಿಂತಿತ್ತು.

ಯಜಮಾನರು ದೇರಣ್ಣ ಗೌಡರಿಗೆ ಹೇಳಿಕಳಿಸಿದರು. ತೋಟಕ್ಕೆ ಹೋಗಿ ವಿಚಾರಿಸಿ ಬರಬೇಕು, ಬರುವ ಏಕಾದಶಿಯಂದು ತಕ್ಕಡಿಯ ಎದುರೇ ಹೇಳಬೇಕು. ಆ ಕೆಲವು ದಿನ ಅತ್ತಿಗೆ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಕಿನ್ನಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಪಾದವನ್ನು ತನ್ನ ಅಂಗೈಯಲ್ಲಿ ಇಟ್ಟು ನೋಡುತ್ತಿದ್ದರು. ಪಾದ ಅಂಗೈ ತುಂಬುತ್ತಿತ್ತು.

ಕಾರ್ತಿಕದ ಏಕಾದಶಿ. ಇಳಿಹೊತ್ತಿಗೆ ದೇರಣ್ಣ ಗೌಡರು ಬಂದರು. ಎಂದಿನ ಠೀವಿ ಇರಲಿಲ್ಲ. ಜಗಲಿಯಲ್ಲಿ ಕುಳಿತು ಕಿನ್ನಿಯನ್ನು ಹತ್ತಿರ ಎಳೆದುಕೊಂಡರು. ಪಾದ ಒತ್ತಿದರು, ಮೊಣಕಾಲಿನ ಗಂಟು ಹಿಡಿದು ನೋಡಿದರು, ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರು.

“ಅಂದಾಜು ಹೇಳಿ ಗೌಡ್ರೆ” ಎಂದರು ಅತ್ತಿಗೆ. “ನನ್ನ ಮುಖ ನೋಡಿ ಸುಳ್ಳು ಹೇಳುದು ಬೇಡ.”

ಅವರು ಸುಳ್ಳು ಹೇಳಲಿ ಎಂದು ನಾನು ಒಳಗೊಳಗೇ ದೇವರಿಗೆ ಮೊರೆಯಿಡುತ್ತಿದ್ದೆ. ಒಂದು ಸುಳ್ಳಿನಿಂದ ಒಂದು ತಿಂಗಳಾದರೂ ಸಿಗುತ್ತಿತ್ತು. ಗೌಡರು ಕಿನ್ನಿಯ ಪಕ್ಕೆಯ ಮೇಲಿಟ್ಟ ಕೈಯನ್ನು ಅಲ್ಲೇ ತಡೆದರು.

“ಇದೆಂತ ಇದು? ಇದಕ್ಕೆ ಅನ್ನ ಹಾಕುದಿಲ್ವಾ? ಎಲುಬಿನ ಗೂಡು ಉಂಟಲ್ಲ!”

ಅವರಿಗೆ ಸಿಟ್ಟು ಬಂತು. “ತಪ್ಪು ನನ್ನದು ಭಟ್ರೆ. ಇದರ ಅಪ್ಪ ತೋಟದ ಕಾವಲಿನ ನಾಯಿ, ಕರುವಿನಷ್ಟು ಉಂಟು. ಇದು ನನ್ನ ಮೊಣಕಾಲು ದಾಟ್ತದೆ. ಆದರೆ ಹೊಟ್ಟೆಗೆ ಹಾಕದಿದ್ದರೆ ಸಣ್ಣ ಆಗ್ತದೆ ಅಂತ ಯಾರು ಹೇಳಿದ್ದು? ಹಸಿದರೆ ಮಾಂಸ ಇಳಿಯುದು, ಎಲುಬು ಇಳಿಯುದಿಲ್ಲ. ಬೆಳೆಯುವ ಜೀವ ಬೆಳೆದೇ ಬೆಳೀತದೆ, ಇಲ್ಲದಿದ್ದರೆ ಸಾಯ್ತದೆ.”

ಅತ್ತಿಗೆ ಎದ್ದು ಒಳಗೆ ಹೋದರು. ಏಕಾದಶಿಯಾದ್ದರಿಂದ ನಮ್ಮ ಅಡುಗೆಮನೆಯಲ್ಲಿ ಅನ್ನ ಇರಲಿಲ್ಲ. ಕೆಲಸದವರಿಗೆಂದು ಹಿತ್ತಿಲ ಒಲೆಯಲ್ಲಿ ಬೇಯಿಸಿದ ಕುಚ್ಚಲಕ್ಕಿ ಗಂಜಿ ಇತ್ತು. ಅದನ್ನು ದೊಡ್ಡ ಬೋಗುಣಿಯಲ್ಲಿ ತಂದು, ಎಲ್ಲರ ಎದುರು ಕಿನ್ನಿಯ ಮುಂದಿಟ್ಟರು. ಅದು ಮುಖ ಪೂರ್ತಿ ಅದ್ದಿ ತಿಂದಿತು. ಉಸಿರು ಕಟ್ಟಿ ಕೆಮ್ಮಿತು, ಮತ್ತೆ ತಿಂದಿತು.

“ಅಕ್ಕ, ತೂಕದ ಮೊದಲೇ ಎಂತಕ್ಕೆ?” ಎಂದರು ಯಜಮಾನರು. ಅವರ ಧ್ವನಿಯೂ ಸಣ್ಣದಾಗಿತ್ತು.

“ಹನ್ನೊಂದು ವರ್ಷಕ್ಕೆ ನನಗೆ ಒಂದು ಹೊತ್ತು ಮಾಡಿದ್ರು. ಹಸಿವೆ ಅಂತ ಅತ್ತದ್ದಕ್ಕೆ ಅಪ್ಪಯ್ಯ ಬಾಗಿಲು ಹಾಕಿದ್ರು. ನಾನು ಇಷ್ಟೇ ಉಳಿದೆ” ಎಂದು ತನ್ನ ಮೈ ತೋರಿಸಿದರು. “ಅದನ್ನೇ ನಾನು ಇದಕ್ಕೆ ಮಾಡಿದೆ ಗಣಪತಿ. ಇದು ಕೂಗುವಾಗ ಬೆನ್ನು ಹಾಕಿದೆ. ಇನ್ನು ಆಗುದಿಲ್ಲ. ತೂಗು.”

ತೂಗಿದರು. ಕಿನ್ನಿಯ ತಟ್ಟೆ ಕೆಳಗಿಳಿದು ನಿಂತಿತು, ಬೆಕ್ಕಿನ ಬುಟ್ಟಿ ಮೇಲೆ ತೂಗಾಡಿತು. ಸೂರ್ಯ ಗುಡ್ಡದ ಆಚೆಗೆ ಇಳಿದಿದ್ದ. ಯಜಮಾನರು ತಕ್ಕಡಿಯನ್ನು ನೋಡುತ್ತಲೇ, “ಹೇಳಿದ ಮಾತು ಮಾತೇ. ಇನ್ನು ಅದು ನಾಯಿ” ಎಂದರು.

“ಹೌದು” ಎಂದರು ಅತ್ತಿಗೆ. ಒಳಗಿನಿಂದ ತನ್ನ ಚಾಪೆ, ಚೊಂಬು ತಂದರು. ಕಿನ್ನಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಅಂಗಳದ ನಡುವೆ ಚಾಪೆ ಹಾಸಿ ಕುಳಿತರು. “ನಾಯಿ ಮುಟ್ಟಿದವಳು ಒಳಗೆ ಬರ್ಲಿಕ್ಕಿಲ್ಲ. ಇದನ್ನು ಬಿಟ್ಟು ಸ್ನಾನ ಮಾಡುದು ನನ್ನಿಂದ ಆಗುದಿಲ್ಲ. ನಾವು ಇಲ್ಲೇ ಇರ್ತೇವೆ.”

ಬೆದರಿಕೆಯ ಮಾತಾಗಿದ್ದರೆ ಧ್ವನಿ ಏರುತ್ತಿತ್ತು. ಏರಲಿಲ್ಲ. ಗೌಡರು ಎದ್ದು ನಿಂತರು. ತೋಟದ ಕಡೆಯಿಂದ ಮಂಗಗಳು ಒಮ್ಮೆಲೇ ಕಿರುಚಿಕೊಂಡವು. ಏನನ್ನು ಕಂಡರೆ ಅವು ಹಾಗೆ ಕಿರುಚುತ್ತವೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಿನ್ನಿ ಅತ್ತಿಗೆಯ ಸೆರಗಿನೊಳಗೆ ನುಗ್ಗಿತು.

“ಅಕ್ಕ, ಒಳಗೆ ಬಾ.”

ಅತ್ತಿಗೆ ಕೂತಲ್ಲಿಂದ ಏಳಲಿಲ್ಲ.

“ಅಕ್ಕ!”

ನನಗೆ ತಡೆಯಲಾಗಲಿಲ್ಲ. “ನಿಮ್ಮನ್ನು ಸಾಕಿದವಳು ಅಂಗಳದಲ್ಲಿ ಕೂತಿದ್ದಾಳೆ, ನೀವು ಜಗಲಿಯಲ್ಲಿ ನಿಂತು ಕರೆಯುದಾ?” ಎಂದು ಕೂಗಿದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಪರರ ಎದುರು ಅವರಿಗೆ ಎದುರಾಡಿದ್ದು ಅದೇ ಮೊದಲು, ಪಶ್ಚಾತ್ತಾಪ ಇಂದಿಗೂ ಇಲ್ಲ.

ಅವರು ಇಳಿದರು. ಸೆರಗಿನೊಳಗೆ ಕೈ ಹಾಕಿ ನಾಯಿಯನ್ನು ಎತ್ತಿಕೊಂಡರು. ಜೀವಮಾನದಲ್ಲಿ ನಾಯಿ ಎತ್ತಿದವರಲ್ಲ; ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ನೇತಾಡುತ್ತಿದ್ದವು. ಅದು ಗಂಜಿಯ ಮೂತಿಯಿಂದ ಅವರ ಗಡ್ಡ ನೆಕ್ಕಿತು. ಹಾಗೆಯೇ ಮೆಟ್ಟಿಲು ಹತ್ತಿ, ಜಗಲಿ ದಾಟಿ, ಒಳಗೆ ನಡೆದರು. ಸ್ನಾನಕ್ಕೆಂದು ಬಾವಿಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತಿಗೆ ಚಾಪೆ ಸುತ್ತಿಕೊಂಡು ಹಿಂದೆ ಬಂದರು, ಅವರ ಹಿಂದೆ ಗೌಡರೂ. ನಾನು ಬಾಗಿಲ ಅಗಳಿ ಹಾಕಿದೆ.

ಒಳಗೆ ದೀಪದ ಬೆಳಕಿನಲ್ಲಿ ಯಜಮಾನರು ಅಕ್ಕನನ್ನು ನೋಡುತ್ತಾ ನಿಂತರು. ಬೋಳು ತಲೆಯಿಂದ ಕಾಲಿನವರೆಗೆ, ಹೊಸಬರನ್ನು ನೋಡಿದ ಹಾಗೆ. ನಾಯಿಯನ್ನು ಕೆಳಗಿಡುವುದನ್ನೂ ಮರೆತಿದ್ದರು.

“ಅಕ್ಕ” ಎಂದರು. “ನಿನಗೂ ಹಸಿವೆ ಆಗ್ತಾ ಉಂಟಾ?”

ಮೂವತ್ತು ವರ್ಷ ದಾಟಿದ ಏಕಾದಶಿಗಳಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಅತ್ತಿಗೆ ಚಾಪೆಯನ್ನು ಗೋಡೆಗೆ ಒರಗಿಸಿದರು.

“ಆಗ್ತಾ ಉಂಟು” ಎಂದರು.

ಹಿತ್ತಿಲ ಪಾತ್ರೆಯಲ್ಲಿ ಗಂಜಿ ಇನ್ನೂ ಉಳಿದಿತ್ತು. ನಾನು ಎಲೆ ಹಾಕಿದೆ.